ಮೋತ್ಯಾನಿಗೆ ಹಾಕಿದ ದೀಪದ ಫ್ರೇಮು

ಊರಲ್ಲಿ ಯಾರ ಮನೆಗಾದರೂ ಸ್ಕ್ರೀನ್ ಟಚ್ ಮೊಬೈಲ್ ಬಂತೆಂದರೆ ಓಣಿಯ ಮಂದಿಯೆಲ್ಲ ಬಂದು ಒಂದೊಂದು ಸಲ ಬೆರಳಾಡಿಸಿ ಹೋಗುತ್ತಿದ್ದ ಕಾಲವದು. ಕಲ್ಲೋಳಿಯ ನಮ್ಮ ಮನೆಗೂ ಒಂದು ಚಳಿಗಾಲದಲ್ಲಿ ಅದು ಬಂತು. ನಾನಾಗ ಕನ್ನಡ ಸಾಲೆಯಲ್ಲಿ ಐದನೆಯ ಇಯತ್ತೆ. ಕಬ್ಬು ಕಡಿಯುವ ಹಂಗಾಮು. ಕಬ್ಬಿನ ಟ್ರ್ಯಾಕ್ಟರು ತಿರುವಿನಲ್ಲಿ ನಿಧಾನವಾದಾಗ ಹಿಂದಿನಿಂದ ಓಡಿ ಹೋಗಿ ಒಂದೆರಡು ಕಬ್ಬು ಹಿರಿಯುವುದೇ ನಮ್ಮ ಸಂಜೆಯ ಆಟ. ಕೈಯೆಲ್ಲ ಅಂಟು, ಫ್ರಾಕಿನ ತುಂಬ ಕಬ್ಬಿನ ಒಣಸೋಗೆಯ ರವದಿ. ಅಂಥ ಕೈಯಲ್ಲಿ ಫೋನು ಮುಟ್ಟಿದರೆ ಅವ್ವ ಲಟ್ಟಣಿಗೆ ತೋರಿಸುತ್ತಿದ್ದಳು.

ಫೋನು ಬಂದ ಕೆಲವೇ ದಿನಕ್ಕೆ ಗೋಕಾಕದ ಕಾಕಾ ಒಂದು ಗ್ರೂಪು ಮಾಡಿದ. ಅವನು ಅಪ್ಪನ ತಮ್ಮ, ಗೋಕಾಕದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಗ್ರೂಪಿನ ಹೆಸರು ‘ನಮ್ಮ ಮನಿ ಮಂದಿ’. ದಡ್ಡಿ ಎಂಬ ಊರಿಗೆ ಕೊಟ್ಟ ನಮ್ಮತ್ತಿ, ಹುಕ್ಕೇರಿ, ಸಂಕೇಶ್ವರದ ನೆಂಟರು, ಎಲ್ಲರೂ ಅದರೊಳಗೆ ಬಂದು ಕೂತರು. ಮೊದಮೊದಲು ಯಾರಿಗೂ ಏನು ಹಾಕಬೇಕೆಂದು ತೋಚಲಿಲ್ಲ. ಆಮೇಲೆ ಅದರಲ್ಲಿ ದಿನಾ ಮುಂಜಾನೆ ಒಂದು ಬೆಕ್ಕು ಬರತೊಡಗಿತು.

ಹಾಲಿನಂಥ ಬಿಳಿ ಬೆಕ್ಕು. ಹೆಸರು ಸ್ನೋಯಿ. ಕಳಿಸುತ್ತಿದ್ದವಳು ಕಾಕಾನ ಮಗಳು ಐಶು. ನನ್ನದೇ ವಯಸ್ಸು, ಇಂಗ್ಲಿಷ್ ಮೀಡಿಯಂ ಸಾಲೆ, ಕಾಕಾನ ಒಳ್ಳೆಯ ಫೋನು ಯಾವಾಗಲೂ ಅವಳ ಕೈಯಲ್ಲೇ. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುವ ಸ್ನೋಯಿ, ಕಿಟಕಿಯಲ್ಲಿ ಆಕಳಿಸುವ ಸ್ನೋಯಿ, ಕರದಂಟಿನ ಖಾಲಿ ಡಬ್ಬಿಯೊಳಗೆ ಕೂತ ಸ್ನೋಯಿ. ಒಂದೊಂದು ಫೋಟೊಕ್ಕೂ ಹುಕ್ಕೇರಿಯಿಂದ ಹೃದಯ, ಸಂಕೇಶ್ವರದಿಂದ ಹೂವು. ಅದೆಲ್ಲ ಹಾಳಾಗಿ ಹೋಗಲಿ. ನನಗೆ ಉರಿ ಬಿದ್ದದ್ದು ನಮ್ಮ ಆಯಿಯನ್ನು ನೋಡಿ.

ಆಯಿ ಅಂದರೆ ಅಪ್ಪನ ತಾಯಿ. ಮುಂಜಾನೆ ಲಿಂಗಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ‘ಆ ಬೆಕ್ಕ ಬಂತೇನ ನೋಡ’ ಎಂದು ನನ್ನನ್ನೇ ಕೇಳುವಳು. ನಾನೇ ಫೋನು ಹಿಡಿಯಬೇಕು, ನಾನೇ ತೋರಿಸಬೇಕು. ಅವಳು ಕಣ್ಣು ಕಿರಿದು ಮಾಡಿ ನೋಡಿ, ಬೊಚ್ಚು ಬಾಯಿ ತುಂಬ ನಕ್ಕು, ‘ಎಷ್ಟ ಚಂದ ಐತಿ ಖೋಡಿ’ ಅನ್ನುವಳು. ಬೈಗುಳವೇ ಆದರೂ ಪ್ರೀತಿ ಉಕ್ಕಿದಾಗ ಮಾತ್ರ ಅವಳ ಬಾಯಲ್ಲಿ ಆ ‘ಖೋಡಿ’ ಬರುತ್ತಿತ್ತು. ನಾನು ಹುಟ್ಟಿದಾಗಿನಿಂದ ಅವಳ ಕೌದಿಯೊಳಗೆ ಮಲಗಿದವಳು. ಅವಳ ಎಲೆಯಡಿಕೆ ಕುಟ್ಟಿ ಕೊಟ್ಟವಳು, ಕಾಲು ಒತ್ತಿದವಳು. ಐಶು ಹಬ್ಬಕ್ಕೊಮ್ಮೆ ಬಂದು ಹೋಗುವವಳು. ನನಗಿಲ್ಲದ ‘ಚಂದ’ ಅವಳ ಬೆಕ್ಕಿಗೆ ಎಲ್ಲಿಂದ ಬಂತು? ಹೊಟ್ಟೆಕಿಚ್ಚು ಅನ್ನುವ ಮಾತಿನಲ್ಲಿ ಹೊಟ್ಟೆ ಯಾಕೆ ಇದೆಯೆಂದು ನನಗೆ ಆ ಚಳಿಗಾಲದಲ್ಲಿ ತಿಳಿಯಿತು. ನಿಜವಾಗಿಯೂ ಅಲ್ಲೇ ಉರಿಯುತ್ತದೆ.

ನನ್ನಲ್ಲೂ ಒಂದು ಪ್ರಾಣಿ ಇತ್ತು. ಮೋತ್ಯಾ. ಹೊಲಕ್ಕೆ ಗೊಬ್ಬರವಾಗಲೆಂದು ಅಪ್ಪ ಕುರುಬರ ಕುರಿಹಿಂಡು ತರುಬಿಸಿದ ವರ್ಷ, ಹೊರಡುವಾಗ ಅವರು ಬಿಟ್ಟುಹೋದ ನಾಯಿಮರಿ. ಬುತ್ತಿ ಕಟ್ಟಿಕೊಂಡು ನಾನು ಹೊಲಕ್ಕೆ ನಡೆದರೆ ಮುಂದೆ ಮುಂದೆ ಓಡಿ, ತಿರುವಿನಲ್ಲಿ ನಿಂತು, ನಾನು ಬಂದೆನೋ ಇಲ್ಲವೋ ನೋಡಿ ಮತ್ತೆ ಓಡುವವನು. ಸಜ್ಜಿ ರೊಟ್ಟಿ ಕೊಟ್ಟರೆ ಮೊದಲು ಎಳ್ಳು ನೆಕ್ಕಿ, ಆಮೇಲೆ ರೊಟ್ಟಿ ತಿನ್ನುವಂಥ ರಸಿಕ. ಆದರೆ ಮೂಗಿನಿಂದ ಬಾಲದವರೆಗೆ ಕಪ್ಪು. ಹುಡುಕಿದರೂ ಒಂದು ಬಿಳಿ ಕೂದಲು ಸಿಗದು. ಆಯಿ ಅವನಿಗೆ ಅನ್ನುತ್ತಿದ್ದದ್ದು ಒಂದೇ ಮಾತು, ‘ಏ ಮೋತ್ಯಾ, ದಾರಿ ಬಿಡು.’

ಸರಿ, ನಾನೂ ಫೋಟೊ ತೆಗೆದೆ. ಅಪ್ಪನ ಅಗ್ಗದ ಫೋನು, ಕಟ್ಟೆಯ ಮೇಲೆ ಮಲಗಿದ ಮೋತ್ಯಾ. ಗ್ರೂಪಿಗೆ ಹಾಕಿ, ಹೃದಯ, ಹೂವು ಬರುತ್ತವೆಂದು ಕಾದು ಕೂತೆ. ಸುಮಾರು ಹೊತ್ತಿನ ಮೇಲೆ ಕಾಕಾ ಬರೆದ, ‘ಕಟ್ಟಿ ಮ್ಯಾಲ ಕಂಬಳಿ ಒಣಗಾಕ ಹಾಕಿದ್ದು ಯಾಕ ಕಳಿಸಿದಿ?’ ಅದರ ಕೆಳಗೆ ಎಲ್ಲ ಊರಿನಿಂದಲೂ ನಗು. ಮರುದಿನ ಅವನನ್ನು ಎಬ್ಬಿಸಿ ನಿಲ್ಲಿಸಿ ತೆಗೆದೆ. ಹಲ್ಲು ಮಾತ್ರ ಬಂತು. ಅದನ್ನು ನೋಡಿ ದಡ್ಡಿ ಅತ್ತಿ, ಪಾಪ, ಸಮಾಧಾನ ಮಾಡಲೆಂದೇ ಬರೆದಿದ್ದಳು: ನಾಯಿ ಚಲೋ ಐತಿ, ಬೆಳಕ ಸಾಲವಲ್ದು.

ಬೆಳಕು ಸಾಲದು. ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು.

ಫೋನು ಮಾರಿದವನೇ ಅದರೊಳಗೆ ಫೋಟೊಕ್ಕೆ ಫ್ರೇಮು ಹಾಕುವ ಒಂದು ಆಪ್ ತುಂಬಿಕೊಟ್ಟಿದ್ದ. ಒಂದು ಶನಿವಾರ ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಅದನ್ನು ತೆರೆದು ಕೂತೆ. ಗುಲಾಬಿಯ ಫ್ರೇಮು ಹಾಕಿದರೆ ಮೋತ್ಯಾ ಇನ್ನೂ ಕಪ್ಪಾಗಿ ಕಂಡ. ಬಲೂನಿನದರಲ್ಲಿ ಕಿವಿ ಮುಚ್ಚಿಹೋದವು. ಕೊನೆಗೆ ಒಂದು ಸಿಕ್ಕಿತು. ಎರಡೂ ಬದಿಗೆ ಎತ್ತರದ ಬಂಗಾರದ ದೀಪದ ಸಮೆಗಳು, ಐದೈದು ಬತ್ತಿ ಉರಿಯುತ್ತಿವೆ. ಮೇಲೆ ಚೆಂಡುಹೂವಿನ ದಪ್ಪ ಮಾಲೆ, ಹಿಂದೆ ಸೂರ್ಯ, ಕೆಳಗೆ ಓಂ. ಅಷ್ಟು ಬೆಳಕಿನ ನಡುವೆ ಮೋತ್ಯಾ ಮಠದ ಸ್ವಾಮಿಗಳ ಹಾಗೆ ಕಂಡ. ಬೆಳಕು ಸಾಲದೆಂದವರು ಈಗ ನೋಡಲಿ ಎಂದು ಕಳಿಸಿಬಿಟ್ಟೆ.

ಆ ಸಂಜೆ ಫೋನು ಗಿಲಗಿಲ ಅಂದ ಹಾಗೆ ಮುಂದೆ ಎಂದೂ ಅನ್ನಲಿಲ್ಲ. ಹುಕ್ಕೇರಿಯಿಂದ ಕೈಮುಗಿದ ಚಿತ್ರ, ಸಂಕೇಶ್ವರದಿಂದ ಕೈಮುಗಿದ ಚಿತ್ರ. ಕೆಳಗೆ ಓಂ ಇದೆಯಲ್ಲ, ಅದಕ್ಕೆ ಮುಗಿದಿದ್ದಾರೆ ಅಂದುಕೊಂಡೆ. ಕಂಬಳಿ ಅಂದಿದ್ದ ಕಾಕಾ ಈಗ ‘ಭಾಳ ನಿಯತ್ತಿನ ನಾಯಿ ಇತ್ತು’ ಎಂದು ಬರೆದ. ‘ಐತಿ’ ಅನ್ನದೆ ‘ಇತ್ತು’ ಅಂದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಐಶು ಸಾಲುಸಾಲಾಗಿ ಅಳುವ ಮುಖ ಕಳಿಸಿದ್ದಳು. ಅದನ್ನು ನೋಡಿ ನನಗಾದ ಆನಂದ ಹೇಳತೀರದು. ನನ್ನ ನಾಯಿಯನ್ನು ನೋಡಿ ಹೊಟ್ಟೆಕಿಚ್ಚಿಗೆ ಅಳುತ್ತಿದ್ದಾಳೆ, ಅಳಲಿ, ಇಷ್ಟು ದಿನ ನಾನು ಅತ್ತಿಲ್ಲವೇ ಎಂದುಕೊಂಡು ಮಲಗಿದೆ. ಅಪ್ಪ ಹೊಲದಿಂದ ಬಂದವನು ದಣಿದು ಫೋನು ನೋಡದೆಯೇ ಮಲಗಿದ್ದ. ಮರುದಿನ ಕತ್ತಲಿರುವಾಗಲೇ ಕಬ್ಬು ಕಡಿಯುವವರ ಜೊತೆ ಹೊರಟುಹೋದ.

ಅದೇ ದಿನ ಸೀತನಿ ತಿನ್ನಲು ಕಾಕಾನ ಮನೆಯವರು ಬರುವುದು ಮೊದಲೇ ಗೊತ್ತಾಗಿತ್ತು. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ದಿನಗಳು. ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಆಯಿ ಮೊರ ಹಿಡಿದು ಕೂತಿದ್ದಳು. ಐಶು ಗಾಡಿಯಿಂದ ಇಳಿದವಳೇ ಓಡಿಬಂದು ನನ್ನ ಕೊರಳಿಗೆ ಬಿದ್ದು ಅತ್ತಳು. ಕಣ್ಣು ಊದಿಕೊಂಡಿದ್ದವು. ಅಷ್ಟರಲ್ಲಿ ಸುಟ್ಟ ತೆನೆಯ ವಾಸನೆಗೆ ಮೋತ್ಯಾ ಜೋಳದ ಕಣಿಕೆಯ ಬಣವೆಯ ಹಿಂದಿನಿಂದ ಮೈ ಮುರಿಯುತ್ತ ಎದ್ದು ಬಂದ. ಐಶು ಕಿರುಚಿ ಕಾಕಾನ ಬೆನ್ನಿಗೆ ಅಡಗಿದಳು.

ಕಾಕಾ ನಾಯಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಸತ್ತವರ ಫೋಟೊಕ್ಕೆ ಹಾಕುವ ಫ್ರೇಮು ಅದು ಎಂದು ಅವನ ಬಾಯಿಂದ ಕೇಳಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಜೀವ ಇದ್ದ ನಾಯಿಗಿ ದೀಪಾ ಹಚ್ಚಿದವರ ಯಾರ?” ಎಂದ ಕಾಕಾ. “ಅಲ್ಲಿ ದಡ್ಯಾಗ ಅಕ್ಕ ಮುಂಜಾನಿಂದ ಚಾ ಸುದ್ದಾ ಮುಟ್ಟಿಲ್ಲ.”

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಆ ಕೈ ಎಲ್ಲಿ ಬೀಳುವುದೆಂದು ನನಗೆ ಗೊತ್ತಿತ್ತು. ಆಗ ಆಯಿ ಮೊರದಿಂದ ಕಣ್ಣೆತ್ತದೆ ಅಂದಳು, “ನಾನ ಹಾಕಸೀನಿ. ಮೊನ್ನಿ ಅದರ ತಲಿಗಿ ಕಾಗಿ ಬಡದಿತ್ತು. ನಿನಗ ಬಡದಾಗ ಏನ ಮಾಡಿದ್ದಿವಿ, ನೆನಪಿಲ್ಲೇನ?”

ಕಾಗೆ ತಲೆಗೆ ಬಡಿದರೆ ಗಂಡಾಂತರ. ಅದು ಕಳೆಯಬೇಕಾದರೆ ಆ ಮನುಷ್ಯ ಸತ್ತನೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಖರೆ ಎಂದು ಅತ್ತುಬಿಟ್ಟರೆ ಪೀಡೆ ಹೋಯಿತು, ಆಯುಷ್ಯ ಗಟ್ಟಿಯಾಯಿತು. ಕಾಕಾ ಸಣ್ಣವನಿದ್ದಾಗ ಹೀಗೇ ಹುಕ್ಕೇರಿಗೆ ಸುದ್ದಿ ಹೋಗಿ, ಅವನ ಸೋದರಮಾವ ಎದೆ ಬಡಿದುಕೊಳ್ಳುತ್ತ ಬಂದರೆ, ಸತ್ತ ಹುಡುಗ ಬಾಗಿಲಲ್ಲಿ ಕೂತು ಬೆಲ್ಲ ರೊಟ್ಟಿ ತಿನ್ನುತ್ತಿದ್ದನಂತೆ. ಆ ಮಾತು ತೆಗೆದ ಮೇಲೆ ಕಾಕಾ ಏನು ವಾದ ಮಾಡಿಯಾನು? ನಾಯಿಗೂ ಕಾಗೆಯ ಶಾಂತಿ ಮಾಡಿದ್ದು ಎಲ್ಲೂ ಕೇಳಿಲ್ಲ ಎಂದು ಗೊಣಗುತ್ತ ದಡ್ಡಿಗೆ ಫೋನು ಹಚ್ಚಿದ. ಕಾಗೆ ಬಡಿದದ್ದು ಶುದ್ಧ ಸುಳ್ಳು. ಆಯಿ ನನಗಾಗಿ ಹೇಳಿದ್ದು. ಆ ಗಳಿಗೆಯಲ್ಲಿ ನಾನೇ ಈ ಮನೆಯ ರಾಣಿ ಅನ್ನಿಸಿತು.

ರಾಣಿತನ ಸೀತನಿ ಮುಗಿಯುವವರೆಗೂ ಉಳಿಯಲಿಲ್ಲ. ಐಶು ಕೈ ತೊಳೆದು ಬಂದು, ನಾನು ತೆಗೀಲೇನು ಎಂದು ಕೇಳಿ, ಮೋತ್ಯಾನನ್ನು ಬಣವೆಯ ಮುಂದೆ ಕೂಡಿಸಿದಳು. ಹಿಂದೆ ಒಣ ಕಣಿಕೆಯ ತಿಳಿ ಹಳದಿ, ಓರೆ ಬಿಸಿಲು. ಅವಳು ನೆಲದ ಮೇಲೆ ಹೊಟ್ಟೆಯೂರಿ ಮಲಗಿ, ಅವನ ಕಣ್ಣ ಸಮಕ್ಕೆ ಫೋನು ಹಿಡಿದಳು. ಇಷ್ಟೆಲ್ಲ ಹೇಗೆ ಕಲಿತೆ ಎಂದು ಕೇಳಿದೆ.

“ಸ್ನೋಯಿ ನಮ್ಮದಲ್ಲ,” ಎಂದಳು. “ಮನಿ ಮಾಲಕರದು. ಒಳಗ ತಂದರ ಬೈತಾರ. ಅದಕ್ಕ ಬರೇ ಫೋಟೊ ತಗೀತೀನಿ.”

ಬೆಲ್ಲದ ನೀರು ಕುಡಿದ ಹಾಗಾಯಿತು ನನಗೆ. ಆ ಸುದ್ದಿ ಬಾಯಲ್ಲಿ ಇಟ್ಟುಕೊಳ್ಳಲಾರದೆ ಆಯಿಯ ಹತ್ತಿರ ಓಡಿದೆ. ಬೆಕ್ಕು ಅವಳದಲ್ಲವಂತೆ, ಬಾಡಿಗೆ ಮನೆಯವರದಂತೆ, ಇಷ್ಟು ದಿನ ನಿನ್ನನ್ನು ನಂಬಿಸಿದ್ದಳು ಎಂದು ಒಂದೇ ಉಸಿರಿಗೆ ಊದಿದೆ. ಆಯಿ ಐಶುವನ್ನು ಕರೆದಳು. ಬೈಯುತ್ತಾಳೆಂದು ನಾನು ಕಾದರೆ, ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಮುಖ ಸವರಿ, ಬೆರಳಿನ ಲಟಿಕೆ ಮುರಿದಳು. ಕೂಸಿಗೆ ಒಂದು ಬೆಕ್ಕು ಸಾಕುವ ಭಾಗ್ಯ ಇಲ್ಲವಲ್ಲ ಎಂದು ಕಣ್ಣು ಒರೆಸಿಕೊಂಡಳು. ಸುದ್ದಿ ತಂದ ನಾನು ಮೊರದ ಬಾಜೂ ನಿಂತೇ ಇದ್ದೆ. ನಾನು ತಂದ ಬೆಂಕಿ ನನಗೇ ಹತ್ತಿತು.

ಸಂಜೆ ಅವರು ಹೊರಡುವ ಮೊದಲು ಐಶುವಿನ ಫೋಟೊ ಗ್ರೂಪಿಗೆ ಬಂತು. ಮೋತ್ಯಾನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಅವನ ಕಣ್ಣು ಜೇನಿನ ಬಣ್ಣದವೆಂದು ದಿನಾ ಜೊತೆಗಿದ್ದ ನಾನೂ ನೋಡಿರಲಿಲ್ಲ. ಐಶು ಎಷ್ಟು ಚಂದ ತೆಗೆದಿದ್ದಾಳೆ ಎಂದು ಹುಕ್ಕೇರಿಯಿಂದ ಬಂತು, ದಡ್ಡಿಯಿಂದ ಬಂತು. ಆಯಿ ಫೋನು ಹತ್ತಿರ ಹಿಡಿದು ನೋಡಿ, ಬೊಚ್ಚು ಬಾಯಿ ಬಿಟ್ಟು ನಕ್ಕು, ‘ಎಷ್ಟ ಚಂದ ಐತಿ ಖೋಡಿ’ ಅಂದಳು. ಚಳಿಗಾಲವಿಡೀ ನಾನು ಕಾದಿದ್ದ ಮಾತು. ನಾಯಿ ನನ್ನದು, ಹೆಸರು ಅವಳದು. ಬಣವೆಯ ಹಿಂದೆ ಹೋಗಿ ಮೋತ್ಯಾನ ಬೆನ್ನಿಗೆ ಮುಖ ಒತ್ತಿ ಅತ್ತೆ.

ಅವರ ಗಾಡಿ ಹೋದ ಮೇಲೆ ಆಯಿ ನನ್ನನ್ನು ಹುಡುಕಿಕೊಂಡು ಬಂದಳು. ಇಷ್ಟು ದಿನ ಮೋತ್ಯಾನಿಗೆ ಯಾಕೆ ಒಮ್ಮೆಯೂ ಚಂದ ಅನ್ನಲಿಲ್ಲ ಎಂದು ಜಗಳ ತೆಗೆದೆ. ಆಯಿ ಸೊಂಟಕ್ಕೆ ಕೈಕೊಟ್ಟು ನನ್ನ ಬಾಜೂ ಕೂತಳು.

“ಇವತ್ತ ಅಂದಿದ್ದು ಫೋಟೊಕ್ಕ. ಮನ್ಯಾಗಿನ ಜೀವಕ್ಕ ಚಂದ ಅನಬಾರದವ್ವಾ, ನೆದರ ಆಗತೈತಿ,” ಅಂದಳು. “ಅದಕ್ಕ ನಿನಗೂ ಎಂದೂ ಅಂದಿಲ್ಲ.”

ಆ ಉತ್ತರ ನನಗೆ ಆಗ ಸಾಲಲಿಲ್ಲ. ದೃಷ್ಟಿಯಾದರೆ ಆಗಲಿ, ಒಮ್ಮೆ ಅಂದುಬಿಡು ಎಂದು ಹಟ ಹಿಡಿದೆ. ಅವಳು ಅನ್ನಲಿಲ್ಲ. ತೀರಿಹೋಗುವವರೆಗೂ ಅನ್ನಲಿಲ್ಲ.

ಮೋತ್ಯಾ ಆಮೇಲೆ ಬಹಳ ವರ್ಷ ಬಾಳಿದ. ನಾನು ಮೂಡಲಗಿಯಲ್ಲಿ ಕಾಲೇಜು ಓದುವಾಗ ಹೋದನೆಂದು ಅಪ್ಪ ಫೋನಿನಲ್ಲಿ ಹೇಳಿದ. ಆ ಸುದ್ದಿಯನ್ನು ಗ್ರೂಪಿಗೆ ಯಾರೂ ಹಾಕಲಿಲ್ಲ. ಆಯಿ ಅವನಿಗಿಂತ ಮುಂಚೆಯೇ ಹೋಗಿದ್ದಳು. ‘ನಮ್ಮ ಮನಿ ಮಂದಿ’ ಈಗಲೂ ಇದೆ. ಸೂರ್ಯೋದಯದ ಚಿತ್ರ ಬರುತ್ತದೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಬರುತ್ತದೆ, ಯಾರೂ ಯಾರನ್ನೂ ಕಂಬಳಿ ಅನ್ನುವುದಿಲ್ಲ. ನಾನು ಹುಕ್ಕೇರಿಯಲ್ಲಿ ಸಾಲೆಯ ಕೆಲಸದಲ್ಲಿದ್ದೇನೆ. ಐಶು ಪುಣೆಯಲ್ಲಿ ಸ್ವಂತ ಮನೆ ಮಾಡಿದ್ದಾಳೆ. ಎದುರಾಗುವುದು ಮದುವೆಗಳಲ್ಲಿ. ‘ಹೆಂಗದಿ, ಚಲೋ ಅದೇನಿ’ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಒಂದು ಕಾಲಕ್ಕೆ ಅವಳ ಮೇಲಿನ ಉರಿಯಲ್ಲಿ ನಿದ್ದೆ ಬಾರದಿದ್ದವಳು ನಾನೇ ಏನು ಎಂದು ಈಗ ಆಶ್ಚರ್ಯವಾಗುತ್ತದೆ. ಅಷ್ಟು ಹೊಟ್ಟೆ ಉರಿಯಬೇಕಾದರೆ ಅವಳು ಎಷ್ಟು ಹತ್ತಿರದವಳಾಗಿದ್ದಿರಬೇಕು.

ಹೋದ ವಾರ ಅವಳು ಸ್ಟೇಟಸ್ಸಿಗೆ ಒಂದು ಬೆಕ್ಕು ಹಾಕಿದ್ದಳು. ಕಡೆಗೂ ತನ್ನದೇ ಆದ ಬೆಕ್ಕು ಎಂದು ಬರೆದುಕೊಂಡಿದ್ದಳು. ನಾನು ಬಸ್ಸಿಗೆ ಕಾಯುತ್ತಿದ್ದೆ. ಒಂದು ಹೃದಯ ಒತ್ತಿ ಮುಂದಕ್ಕೆ ಸರಿಸಿದೆ. ಆ ಬೆಕ್ಕು ಕರಿಯದೋ ಬಿಳಿಯದೋ ಎಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.