ಚಿಕ್ಕವಳ ಬಸ್ಸು, ದೊಡ್ಡವಳ ಭಾನುವಾರ

ಟೈರು ಪಂಕ್ಚರ್ ಆಗಬಹುದಿತ್ತು. ಹುಡುಗಿ ಕಿಟಕಿಯಾಚೆ ಕೈ ಚಾಚಿ ಕೂತಿರಬಹುದಿತ್ತು. ಆಧಾರ್ ಕಾರ್ಡು ಮನೆಯಲ್ಲೇ ಮರೆತು ಕಂಡಕ್ಟರನೆದುರು ಕಣ್ಣೀರು ಹಾಕಬಹುದಿತ್ತು. ನಿದ್ದೆ ಹತ್ತಿ, ಕಮಲಾಪುರ ದಾಟಿ, ಹುಮನಾಬಾದಿನಲ್ಲಿ ಎಚ್ಚರಾಗಬಹುದಿತ್ತು. ಪಕ್ಕದ ಸೀಟಿನವರು ಯಾರೋ ಪೇಡೆ ಕೊಟ್ಟು... ಆ ಪೇಡೆಯ ಮುಂದಿನ ಕಥೆಯನ್ನಂತೂ ನಾನು ಎಷ್ಟು ಬಗೆಯಲ್ಲಿ ಕಟ್ಟಿದ್ದೆನೆಂದರೆ, ಅದರಲ್ಲೊಂದು ಧಾರಾವಾಹಿ ಸಲೀಸಾಗಿ ನಡೆಯುತ್ತಿತ್ತು.

ನೀವು ನಗುತ್ತೀರಿ, ನಗಿ. ನಮ್ಮ ಮನೆಯಲ್ಲಿ ಚಿಂತೆಯ ಖಾತೆ ನನ್ನದು. ನಮ್ಮನೆಯವರು ನಂದೂರಿನ ದಾಲ್ ಮಿಲ್ಲಿನಿಂದ ಬಂದು ಉಂಡು ಮಲಗಿದರೆ, ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡಿ ಮುಗಿಸುತ್ತೇನೆ.

ಇದೆಲ್ಲ ಇವತ್ತು ನೆನಪಾದದ್ದು ಅಡುಗೆಮನೆಯ ಮೂಲೆಯ ಚೀಲದಿಂದ ಎದ್ದ ಕೆಂಪು ಬಾಳೆಹಣ್ಣಿನ ವಾಸನೆಗೆ. ಕಮಲಾಪುರದ ನನ್ನ ಅವ್ವ, ಮಕ್ಕಳ ಆಯಿ, ಕಳಿಸಿದ ಹಣ್ಣು. ಒಂದು ತಿಂದರೆ ದೊಡ್ಡವರಿಗೂ ಹೊಟ್ಟೆ ತುಂಬುತ್ತದೆ. ಮಕ್ಕಳು ಸಣ್ಣವರಿದ್ದಾಗ ಅದನ್ನು ಚಾಕುವಿನಿಂದ ಸರಿಯಾಗಿ ಅರ್ಧಕ್ಕೆ ಕೊಯ್ಯುತ್ತಿದ್ದೆ. ದೊಡ್ಡವಳು ಅಂಬಿಕಾ, ಚಿಕ್ಕವಳು ಸೃಷ್ಟಿ, ನಡುವೆ ಐದು ವರ್ಷ. ಸೃಷ್ಟಿ ಎರಡು ತುತ್ತಿಗೇ ಸಾಕಾಗಿ ಉಳಿದದ್ದನ್ನು ಅಂಗೈಯಲ್ಲಿ ಹಿಸುಕುತ್ತ ಕೂರುವಳು. ಅಂಬಿಕಾ ತನ್ನದನ್ನು ಮುಗಿಸಿ ಆ ಅಂಗೈಯನ್ನೇ ನೋಡುವಳು. ನಾನು ನ್ಯಾಯ ಮುಗಿಸಿದ ಸಂತೋಷದಲ್ಲಿ ಚಾಕು ತೊಳೆಯುತ್ತಿದ್ದೆ.

ಸಮಪಾಲಿನ ಈ ಚಟ ಎಲ್ಲಿಗೆ ಮುಟ್ಟಿತೆಂದರೆ, ಅಂಬಿಕಾಗೆ ಕನ್ನಡಕ ಬಂದಾಗ ಸೃಷ್ಟಿ ತನಗೂ ಬೇಕೆಂದು ಅತ್ತು ರಂಪ ಮಾಡಿದಳು. ಅವಳನ್ನೂ ಜಗತ್ ಸರ್ಕಲ್ಲಿನ ಚಾಳೀಸಿನ ಅಂಗಡಿಗೆ ಎಳೆದುಕೊಂಡು ಹೋದೆ.

“ಬೇಬಿ ಕಾ ನಂಬರ್ ಕ್ಯಾ ಹೈ?” ಎಂದ ಅಂಗಡಿಯವನು.

“ನಂಬರ್ ಇಲ್ರಿ ಭಾಯಿ, ಹಠ ಅದ,” ಎಂದೆ. ಆತ ನಗದೆ ಒಂದು ಸಾದಾ ಗಾಜಿನದು ಕೊಟ್ಟ. ಅವನಿಗೂ ಮಕ್ಕಳಿದ್ದಿರಬೇಕು.

ಹಣ್ಣು, ಕನ್ನಡಕ ಸರಿ. ಬಸ್ಸನ್ನು ಅರ್ಧಕ್ಕೆ ಕೊಯ್ಯುವುದು ಹೇಗೆ? ಒಬ್ಬಳೇ ಬಸ್ಸು ಹತ್ತಿ ಅವ್ವನ ಮನೆಗೆ ಹೋಗಲು ಅಂಬಿಕಾಗೆ ನಾನು ಬಿಟ್ಟದ್ದು ಹದಿನೈದು ತುಂಬಿದ ಮೇಲೆ. ಈಗ್ಗೆ ಎರಡು ವರ್ಷದ ಹಿಂದೆ, ಹನ್ನೊಂದರ ಸೃಷ್ಟಿ ತಾನೂ ಹಾಗೇ ಹೋಗುತ್ತೇನೆಂದು ಎದ್ದು ನಿಂತಳು.

“ಅಕ್ಕನ ವಯಸ್ಸಿಗಿ ಬಾ, ಆಮ್ಯಾಲ ನೋಡಮು,” ಎಂದೆ.

“ಅಕ್ಕನ ವಯಸ್ಸಿಗಿ ನಾ ಬರೂದ್ರಾಗ ಅಕ್ಕ ಮತ್ತ ಮುಂದ ಹೋಗಿರ್ತಾಳ. ನಾ ಯಾವತ್ತ ಮುಟ್ಟಬೇಕು?”

ಇದಕ್ಕೆ ಉತ್ತರ ಗೊತ್ತಿದ್ದವರು ನನಗೂ ಹೇಳಿ. ನನಗೆ ಹೊಳೆದದ್ದು ಒಂದು ಉಪಾಯ. ಭಾನುವಾರ ಸೃಷ್ಟಿ ಮುಂದಿನ ಸೀಟಿನಲ್ಲಿ ‘ಒಬ್ಬಳೇ’ ಹೋಗುವುದು. ಅಂಬಿಕಾ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಗುರುತಿಲ್ಲದವಳಂತೆ ಕೂರುವುದು. ಚಿಕ್ಕವಳಿಗೆ ಸ್ವಾತಂತ್ರ್ಯ, ನನಗೆ ನಿದ್ದೆ. ಶನಿವಾರ ಸಂಜೆ, ರೊಟ್ಟಿ ಬಡಿಯುತ್ತ, ದೊಡ್ಡವಳನ್ನು ಕರೆದು ಹೇಳಿದೆ.

ಅಂಬಿಕಾ ಜಗಳಗಂಟಿಯಲ್ಲ. ಸಿಟ್ಟು ಬಂದರೆ ಅವಳ ದನಿ ಇಳಿಯುತ್ತದೆ. ಅವತ್ತು ಬಹಳ ಇಳಿದಿತ್ತು.

“ಮಮ್ಮಿ, ನಾಳಿಗಿ ನಾ ಗೆಳತ್ಯಾರ ಜೋಡಿ ಕೋಟೀಗಿ ಹೋಗ್ತೀನಂತ ನಿನಗ ಯಾವಾಗೋ ಹೇಳೀನಿ. ಹೋದ್ ವಾರ ಇಕಿನ ಡಾನ್ಸ್ ಕ್ಲಾಸ್ ಅಂತ ಬಿಟ್ಟೆ. ಅದರ ಹಿಂದಿನ ವಾರ ಇಕಿನ ಹಲ್ಲು. ಇನ್ನೊಮ್ಮಿ ಒಲ್ಲೆ ಅಂದ್ರ ಅವ್ರು ನನಗ ಕರೆಯೂದೇ ಬಿಡ್ತಾರ.”

“ನೀ ದೊಡ್ಡಾಕಿ ಇದ್ದಿ...”

“ಹೌದು, ದೊಡ್ಡಾಕಿ. ನನಗ ಹದಿನೈದಕ್ಕ ಬಿಟ್ಟಿ, ಅಕಿಗಿ ಹನ್ನೊಂದಕ್ಕ ಬಿಡ್ಲಾಕತ್ತಿ. ಬಿಡು, ನಾ ಬ್ಯಾಡ ಅನ್ನಂಗಿಲ್ಲ. ಬಿಡೂದಿದ್ರ ಖರೇನೇ ಬಿಡು. ನನಗೂ ಬಿಡು.”

ಬಾಗಿಲ ಹಿಂದಿನಿಂದ ಸೃಷ್ಟಿ ತಲೆ ಹಾಕಿದಳು. “ನನಗೇನ್ ಕಾವಲ ಬೇಕಾಗಿಲ್ಲ. ನಾ ಏನ್ ಸಣ್ಣಾಕಿ ಇದ್ದೀನೇನು?”

“ನಿನ್ನಿ ರಾತ್ರಿ ಬಚ್ಚಲಕ್ಕ ಹೋಗ್ಲಿಕ್ಕಿ ನನಗ ಎಬ್ಬಿಸಿದಾಕಿ ಯಾರ ಹಂಗಾರ?” ಎಂದಳು ಅಂಬಿಕಾ.

ತವೆಯ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಹಣ್ಣನ್ನು ಸಮನಾಗಿ ಕೊಯ್ದಿದ್ದೆ, ಆದರೆ ಕಾಯುವ ಕೆಲಸವನ್ನು ಮಾತ್ರ ಒಬ್ಬಳಿಗೇ ಇಡಿಯಾಗಿ ಕೊಟ್ಟಿದ್ದೆ. ಅದನ್ನು ‘ದೊಡ್ಡತನ’ ಎಂದು ಕರೆದು, ಮರ್ಯಾದೆ ಕೊಟ್ಟಂತೆಯೂ ಮಾಡಿದ್ದೆ. ರೊಟ್ಟಿ ತಿರುವಿ ಹಾಕಿದೆ. “ಹೋಗ್ರಿ, ಇಬ್ರೂ ಹೋಗ್ರಿ. ನೀ ಕೋಟೀಗಿ, ಅಕಿ ಕಮಲಾಪುರಕ್ಕ,” ಎಂದೆ. ನನ್ನ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಬಂದದ್ದಕ್ಕೆ ನಾನೇ ಬೆರಗಾದೆ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸೃಷ್ಟಿಯನ್ನು ಕಂಡಕ್ಟರನ ಹಿಂದಿನ ಸೀಟಿಗೆ ಕೂರಿಸಿದೆ. ಎಲ್ಲಿ ಇಳಿಸಬೇಕು, ಅವ್ವ ಯಾವ ಬಣ್ಣದ ಸೀರೆಯಲ್ಲಿ ಬಂದು ನಿಂತಿರುತ್ತಾಳೆ, ಎಲ್ಲ ಅವನಿಗೆ ವಿವರಿಸಿದೆ. ಮತ್ತೊಮ್ಮೆ ವಿವರಿಸತೊಡಗಿದಾಗ ಅವನು ಕೈ ಮುಗಿದ.

“ಅಕ್ಕೋರೆ, ಕೂಸಿಗಿ ನಾ ಇಳಸ್ತೀನ್ರಿ. ಮದ್ಲ ನೀವು ಇಳೀರಿ, ಬಸ್ ಹೊಂಟದ.”

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮಗಳು. ಇಳಿದು, ಕಿಟಕಿಯ ಕೆಳಗೆ ನಿಂತು, “ಇಳಿದ ಕೂಡ್ಲೇ ಆಯಿ ಫೋನಿಂದ ಫೋನ್ ಮಾಡು,” ಎಂದು ಕೂಗಿದೆ. ಹೂಂ ಎಂದು ತಲೆ ಆಡಿಸಿದಳು.

ಮನೆಗೆ ಬಂದು ಜೋಳ ಹಸನು ಮಾಡುತ್ತ ಕೂತೆ. ಕಲ್ಲನ್ನು ಮೊರದಲ್ಲೇ ಬಿಟ್ಟು ಜೋಳ ಚೆಲ್ಲುತ್ತಿದ್ದುದನ್ನು ಕಂಡು ನಮ್ಮನೆಯವರು, “ಬಸ್ಸಿಗಿಂತ ಮದ್ಲ ನಿನ್ನ ಜೀವ ಕಮಲಾಪುರ ಮುಟ್ಟೇದ,” ಎಂದರು.

ಈಗ ಸೃಷ್ಟಿಗೆ ಹದಿಮೂರು. ಈ ಚೀಲವನ್ನು ಹೊತ್ತು ತಂದವಳೂ ಅವಳೇ, ಒಬ್ಬಳೇ. ಯಾವ ವಯಸ್ಸಿಗೆ ಯಾರಿಗೆ ಏನು ಎಂಬ ತಕ್ಕಡಿಯನ್ನು ನಾನು ಅಟ್ಟಕ್ಕೆ ಹಾಕಿದ್ದೇನೆ. ಒಬ್ಬಳಿಗೆ ಏನಾದರೂ ಕೊಡುವ ಮುಂಚೆ, ಅದನ್ನು ಇನ್ನೊಬ್ಬಳ ಕೈಯಿಂದ ಕಿತ್ತು ಕೊಡುತ್ತಿದ್ದೇನೆಯೇ ಎಂದಷ್ಟೇ ನೋಡಿಕೊಳ್ಳುತ್ತೇನೆ. ಚಿಂತೆ ಹೋಗಿಲ್ಲ, ಬಿಡಿ. ಅದನ್ನು ಮಕ್ಕಳ ಮೇಲೆ ಹೊರಿಸುವುದನ್ನು ಬಿಟ್ಟಿದ್ದೇನೆ.

ಆ ಭಾನುವಾರ ಟೈರು ಗಟ್ಟಿಯಾಗಿತ್ತು, ನಿದ್ದೆ ಹತ್ತಲಿಲ್ಲ, ಯಾರೂ ಪೇಡೆ ಕೊಡಲಿಲ್ಲ. ತಪ್ಪಿದ್ದು ಒಂದೇ. ಮುಟ್ಟುವ ಹೊತ್ತು ಮೀರಿದರೂ ಫೋನು ಬರಲಿಲ್ಲ. ಅವ್ವನ ಫೋನು ಹತ್ತಲಿಲ್ಲ. ಕೋಟೆಯಲ್ಲಿದ್ದ ಅಂಬಿಕಾಗೆ ಹಚ್ಚಿದೆ. ಹಿಂದೆ ಹುಡುಗಿಯರ ಕಿಲಕಿಲ.

“ಅಕಿ ಆಗೇ ಮುಟ್ಯಾಳಲ್ಲ ಮಮ್ಮಿ,” ಎಂದಳು. “ಇಳದಾಕಿನೇ ನನಗ ಫೋನ್ ಹಚ್ಚಿದ್ಳು. ನಿನಗ ಹಚ್ಚಿಲ್ಲೇನು?”