ಮಚ್ಚೆಯಿಲ್ಲದ ಗಂಡ

ಸ್ಟುಡಿಯೋದ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗಿನ ಬೆಳಕು ಬಿದ್ದರೆ ಪರದೆಯ ಮೇಲೆ ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ಮಾಲೀಕರು ಇದ್ದ ಒಂದನ್ನೂ ಇಟ್ಟಿಗೆಯಿಂದ ಮುಚ್ಚಿಸಿದ್ದರು. ಅಲ್ಲಿ ಕುಳಿತು ಫೋಟೋಗಳಿಗೆ ಟಚಿಂಗ್ ಮಾಡುತ್ತಿದ್ದವಳನ್ನು ಎಲ್ಲರೂ ಟಚಿಂಗಮ್ಮ ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಸೇರಿದವಳು. ಮೊದಲು ಕುಂಚ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ, ಊರಿನವರ ಮುಖ ತಿದ್ದುತ್ತಲೇ ನಲವತ್ತರ ಹತ್ತಿರ ಬಂದಿದ್ದಳು. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಜೋತ ಗಲ್ಲ, ಮುದುರಿದ ಕಾಲರ್, ಹಿಂದೆ ನಿಂತವರ ಮೊಣಕೈ, ಯಾವುದೂ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನು ಮಾತಾಡಿಸುವಾಗಲೂ ಅವಳ ನೋಟ ಅವರ ಕೆನ್ನೆಯ ಮೇಲೆ ಎಲ್ಲೋ ನಿಂತಿರುತ್ತಿತ್ತು. ಜನಕ್ಕೆ ಅದು ಹಿಡಿಸುತ್ತಿರಲಿಲ್ಲ.

ಆ ಸ್ಟುಡಿಯೋದಲ್ಲಿ ಮಾಲೀಕರು ಮಾಡಿಟ್ಟ ಎರಡು ಕಟ್ಟುನಿಟ್ಟುಗಳಿದ್ದವು. ಗಂಡ ಹೆಂಡತಿಯ ಫೋಟೋದಲ್ಲಿ ಇಬ್ಬರ ನಡುವೆ ಗಾಳಿಯಾಡುವಷ್ಟೂ ಜಾಗ ಕಾಣಬಾರದು. ದೂರ ನಿಂತಿದ್ದರೆ ಹತ್ತಿರಕ್ಕೆ ಸರಿಸಬೇಕು. ಎರಡನೆಯದು, ತಿದ್ದಿದ ಫೋಟೋ ಕೈಗೆ ಬಂದೊಡನೆ ಮೂಲವನ್ನು ಅಳಿಸಿಬಿಡಬೇಕು. ಇಟ್ಟುಕೊಂಡರೆ ಯಾರಾದರೊಬ್ಬ ಗಿರಾಕಿ ಅದನ್ನು ನೋಡಿ, 'ಇದೇ ನಮ್ಮ ಹಾಗಿದೆಯಲ್ಲ' ಎಂದು ತಗಾದೆ ತೆಗೆಯುತ್ತಾನೆ. ಹಾಗಾಗಿ ಉಳಿದದ್ದೆಲ್ಲ ಚೆನ್ನಾಗಿದ್ದದ್ದೇ.

ಸ್ಟುಡಿಯೋಗೆ ಹೊಸ ಪ್ರಿಂಟಿಂಗ್ ಮಿಷನ್ ಬಂದಾಗ ಅದನ್ನು ಜೋಡಿಸಲು ಕಂಪನಿಯವರು ಹೊರದೇಶದ ಒಬ್ಬನನ್ನು ಕಳಿಸಿದರು. ಗಿಡ್ಡ ಆಳು, ಎಡಗೆನ್ನೆಯ ಮೇಲೆ ಕಡಲೆ ಗಾತ್ರದ ಮಚ್ಚೆ. ಆ ಸೀಮೆಯ ಸ್ಟುಡಿಯೋಗಳಿಗೆಲ್ಲ ಅವನೇ ಸುತ್ತುತ್ತಿದ್ದುದರಿಂದ ಭಾಷೆಯನ್ನು ಮಿಷನ್ ಹೊರುವ ಕೂಲಿಯವರ ಬಾಯಿಂದ ಕಲಿತಿದ್ದ; ಹಾಗಾಗಿ ಅದರಲ್ಲಿ ಮರ್ಯಾದೆಯ ಮಾತು ಕಡಿಮೆ. ಮಿಷನ್ ಮೊದಲ ಸಲ ತಿರುಗಿದಾಗ ಹೊರಬಂದ ಹತ್ತಾರು ಮುಖಗಳನ್ನು ಬೆಳಕಿಗೆ ಹಿಡಿದು, "ಇವರೆಲ್ಲ ಒಂದೇ ತಾಯಿ ಮಕ್ಕಳಾ?" ಎಂದು ಕೇಳಿದ. ಟಚಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ವಾರವಿಡೀ ಅವನೊಡನೆ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಯಾವಾಗ ಮಾತು ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ. ಮಿಷನ್ನು ಪದೇ ಪದೇ ಕೆಡತೊಡಗಿದಾಗ ಮಾಲೀಕರಿಗೆ ಮಾತ್ರ ಅರ್ಥವಾಯಿತು.

ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಅವಳ ಅಣ್ಣ ಬೇಡವೆನ್ನಲಿಲ್ಲ. ಅತ್ತಿಗೆ ಮೂಗು ಮುರಿದಳು. "ಇಷ್ಟು ವರ್ಷ ಊರಿನ ಗಂಡುಗಳ ಮುಖಾನೆಲ್ಲ ತಿದ್ದಿದ್ದೀಯಲ್ಲೇ, ಒಂದೂ ಒಪ್ಪಿಗೆ ಆಗ್ಲಿಲ್ವಾ?" ಎಂದಳು. ನಾದಿನಿ ಟಚಿಂಗಮ್ಮನೂ ಬಿಡಲಿಲ್ಲ. "ತಿದ್ದಿದ್ದಕ್ಕೇ ಗೊತ್ತಾಯ್ತು ಅತ್ತಿಗೆ, ಒಳಗೆ ಏನಿದೆ ಅಂತ."

ಒಂದೂವರೆ ವರ್ಷ ಸಂಸಾರ ಸಾಗಿತು. ಅಣ್ಣನ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಬಾಡಿಗೆಗಿದ್ದರು. ಆಮೇಲೆ ಕಂಪನಿಯ ಕೆಲಸ ಮುಗಿಯಿತು, ಕೆಲಸದ ವೀಸಾವೂ ಮುಗಿಯಿತು. ಗಂಡನೆಂದು ಇರಬೇಕಾದರೆ ಬೇರೆ ಬಗೆಯ ಪರವಾನಗಿ ಬೇಕು, ಅದನ್ನು ಹೊರಗಿನಿಂದಲೇ ಕೇಳಬೇಕು ಎಂಬುದು ಕಾನೂನು. ಅವನು ತನ್ನ ದೇಶಕ್ಕೆ ಹೋದ. ಇವಳು ಅರ್ಜಿ ಹಾಕಿದಳು.

ಜೊತೆಯಾಗಿ ಬಾಳಿದ್ದಕ್ಕೆ ಫೋಟೋಗಳನ್ನು ಲಗತ್ತಿಸಿ ಎಂದು ವೀಸಾ ಕಚೇರಿಯವರು ಕೇಳಿದರು. ಇದಕ್ಕಿಂತ ಸುಲಭದ್ದು ಅವಳಿಗೆ ಇನ್ನೇನಿದೆ? ತೆಗೆದಾಗಲೇ ಒಂದು ಸುತ್ತು ಟಚಿಂಗ್ ಆಗಿದ್ದ ಫೋಟೋಗಳನ್ನೇ ಮತ್ತೆ ತೆಗೆದು ಕುಳಿತಳು. ನೋಂದಣಿ ಕಚೇರಿಯ ಫೋಟೋದಲ್ಲಿ ಇಬ್ಬರ ನಡುವೆ ಮಾಲೀಕರ ಚೀಲ ಬಂದಿತ್ತು; ಅದನ್ನು ಎಂದೋ ತೆಗೆದು ಗಂಡನನ್ನು ಭುಜಕ್ಕೆ ತಾಗುವಂತೆ ಸರಿಸಿದ್ದಳು. ಅತ್ತಿಗೆ ಕಣ್ಣು ಮುಚ್ಚಿದ್ದಳು; ಬೇರೊಂದು ಫೋಟೋದಿಂದ ಕಣ್ಣು ತಂದು ತೆರೆಸಿದ್ದಳು. ಉದ್ಯಾನದ ಫೋಟೋದಲ್ಲಿ ಹಿಂದೆ ಹಾದುಹೋದವರೆಲ್ಲ ಮಾಯವಾಗಿದ್ದರು. ಗಂಡನ ಕೆನ್ನೆ ಎಲ್ಲ ಫೋಟೋದಲ್ಲೂ ನುಣುಪಾಗಿ ಹೊಳೆಯುತ್ತಿತ್ತು. ಉಳಿದಿದ್ದ ಸಣ್ಣಪುಟ್ಟದ್ದನ್ನೂ ಈಗ ಸರಿಪಡಿಸಿ, ಸ್ಟುಡಿಯೋದ ಅತ್ಯುತ್ತಮ ಕಾಗದದಲ್ಲಿ ಅಚ್ಚು ಹಾಕಿಸಿ ಕೊಟ್ಟಳು.

ಅರ್ಜಿ ತಿರಸ್ಕೃತವಾಯಿತು. ಮದುವೆ ನೋಂದಣಿಯಾಗಿರುವುದರಲ್ಲಿ ಕಚೇರಿಗೆ ಅನುಮಾನವಿಲ್ಲ, ಅದು ಸಂಸಾರವೇ ಎಂಬುದರಲ್ಲಿ ಅನುಮಾನವಿದೆ. ಫೋಟೋಗಳನ್ನು ಕೂಡಿಸಿ ಸೃಷ್ಟಿಸಲಾಗಿದೆ. ಪಾಸ್‌ಪೋರ್ಟಿನಲ್ಲಿ ಗುರುತೆಂದು ಬರೆದ ಮಚ್ಚೆ ಫೋಟೋದಲ್ಲಿರುವ ಮನುಷ್ಯನಿಗೆ ಇಲ್ಲ. ಒಂದು ಸಲ ಮೇಲ್ಮನವಿಗೆ ಅವಕಾಶವುಂಟು. ಅದೂ ಬಿದ್ದುಹೋದರೆ ಅವನು ಐದು ವರ್ಷ ಈ ದೇಶಕ್ಕೆ ಕಾಲಿಡುವಂತಿಲ್ಲ.

ಫೋನಿನಲ್ಲಿ ಇದನ್ನು ಕೇಳಿ ಗಂಡ ಮೊದಲು ನಕ್ಕ. ಆಮೇಲೆ ಕೇಳಿದ, "ನನ್ನ ಮಚ್ಚೆ ಯಾಕೆ ತೆಗೆದೆ?"

"ಎಲ್ಲರದ್ದೂ ತೆಗೀತೀನಿ."

"ನಾನು ಎಲ್ಲರಾ?"

ಅವನ ಮುಖ ಚೆನ್ನಾಗಿಲ್ಲವೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಚೆನ್ನಾಗಿದೆಯೆಂದೂ ಯೋಚಿಸಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

ಮೂಲ ಫೋಟೋಗಳಿಗಾಗಿ ಸ್ಟುಡಿಯೋವನ್ನೆಲ್ಲ ಜಾಲಾಡಿದಳು. ಅಳಿಸಿದ್ದು ಅಳಿಸಿಯೇ ಹೋಗಿತ್ತು. ಗಂಡನ ಬಳಿ ಇದ್ದುದು ಮಾತಾಡಲು ಮಾತ್ರ ಬರುವ ಫೋನು. ಮಾಲೀಕರು ತಲೆ ಕೆರೆದುಕೊಂಡು, "ನಾನು ಹಾಕಿದ ರೂಲು ನಿನ್ನ ಕುತ್ತಿಗೆಗೇ ಬಂತಲ್ಲಮ್ಮ" ಎಂದರು. ಆಮೇಲೆ, "ನಿಮ್ಮ ಅತ್ತಿಗೆ ಕೈಯಲ್ಲಿ ಯಾವಾಗಲೂ ಫೋನ್ ಇರುತ್ತಲ್ಲ, ಅವರು ಏನಾದ್ರೂ ತೆಗೆದಿರ್ತಾರೇನೋ ಕೇಳಿ ನೋಡು" ಎಂದರು.

ತೆಗೆದಿರುತ್ತಾಳೆಂದು ಟಚಿಂಗಮ್ಮನಿಗೆ ಗೊತ್ತಿತ್ತು. ಕೇಳುವುದೇ ಕಷ್ಟ. ಅತ್ತಿಗೆ ಕಂಡಕಂಡದ್ದನ್ನೆಲ್ಲ ಫೋಟೋ ಹಿಡಿಯುವ ಹೆಂಗಸು. ಒಮ್ಮೆ ಮನೆ ತುಂಬ ನೆಂಟರಿದ್ದಾಗ ತಾನು ತೆಗೆದದ್ದನ್ನು ಅಚ್ಚು ಹಾಕಿಸಿಕೊಡೆಂದು ಕೇಳಿದ್ದಳು. "ಇದನ್ನ ಫೋಟೋ ಅಂತ ಕರೀಬೇಡಿ ಅತ್ತಿಗೆ, ಫೋಟೋಗೆ ಬೇಜಾರಾಗುತ್ತೆ" ಎಂದು ನಾದಿನಿ ಎಲ್ಲರೆದುರೇ ಹೇಳಿದ್ದಳು. ಅಂದಿನಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಆದರೂ ಮೆಟ್ಟಿಲಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತಿಗೆ ಪಾತ್ರೆ ಒರೆಸುತ್ತಿದ್ದಳು.

"ಅತ್ತಿಗೆ, ನಮ್ಮಿಬ್ಬರ ಫೋಟೋ ಏನಾದ್ರೂ ಇದೆಯಾ ನಿಮ್ಮ ಫೋನಲ್ಲಿ?"

"ನನ್ ಫೋನಲ್ಲಿ ಫೋಟೋ ಎಲ್ಲಿಂದ ಬರ್ಬೇಕು? ನಾನು ತೆಗೆಯೋದು ಫೋಟೋನೇ ಅಲ್ವಲ್ಲ."

"ತಪ್ಪಾಯ್ತು ಅತ್ತಿಗೆ."

"ಏನು? ಜೋರಾಗಿ ಹೇಳೇ, ಪಾತ್ರೆ ಸದ್ದು."

"ತಪ್ಪಾಯ್ತು ಅಂದೆ."

"ಮತ್ತೆ ನನ್ನ ಕಣ್ಣು? ಮದುವೆ ಫೋಟೋಗೆ ಯಾರ ಕಣ್ಣು ತಂದು ಅಂಟಿಸಿದೀಯೇ? ನಿಮ್ಮಣ್ಣನೇ ನೋಡಿ, ಇದ್ಯಾರು ಅಂತ ಕೇಳಿದ್ರು!"

"ನಿಮ್ಮದೇ ಕಣ್ಣು. ಬೇರೆ ದಿನದ್ದು."

ಅತ್ತಿಗೆ ನಗು ತಡೆಯಲಾರದೆ ಅತ್ತ ತಿರುಗಿಕೊಂಡಳು. ಕೈ ಒರೆಸಿಕೊಂಡು ಫೋನು ತಂದಳು. ನೂರಾರು ಫೋಟೋಗಳು. ಅರ್ಧಕ್ಕರ್ಧ ಬೆರಳು ಅಡ್ಡ ಬಂದದ್ದು, ಅಲುಗಾಡಿದ್ದು, ತಲೆ ಕತ್ತರಿಸಿಹೋದದ್ದು. ಆದರೆ ಅವುಗಳ ನಡುವೆ ಅವರ ಸಂಸಾರ ಇತ್ತು. ಬಾಯಿ ತೆರೆದು ಕುರ್ಚಿಯಲ್ಲಿ ನಿದ್ದೆ ಹೋದ ಗಂಡ. ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಇಬ್ಬರು. ಜ್ವರದಲ್ಲಿ ಮಲಗಿದ ಅವಳು, ಪಕ್ಕದಲ್ಲಿ ಮಾತ್ರೆಯ ಪೊಟ್ಟಣವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ ಅವನು. ಗೋಡೆಗೆ ಹೊಡೆದ ಹಲಗೆಯೊಂದರ ಮುಂದೆ ಇಬ್ಬರೂ ಜಗಳವಾಡುತ್ತಿದ್ದರು. ಅವಳ ಬಾಯಿ ಊರಗಲ, ಕತ್ತಿನ ನರ ಉಬ್ಬಿತ್ತು. ಎಲ್ಲದರಲ್ಲೂ ಮಚ್ಚೆ ಇತ್ತು.

"ಕೊಡ್ತೀನಿ. ಆದ್ರೆ ಒಂದು ಕೂದಲೂ ಮುಟ್ಟಕೂಡದು, ನೋಡು."

"ಮುಟ್ಟಲ್ಲ."

"ನಿನ್ನ ಮಾತು ನಂಬಲ್ಲ. ಅಚ್ಚು ಹಾಕುವಾಗ ನಾನೂ ಬರ್ತೀನಿ."

ಬಂದಳು. ಮಾಲೀಕರೇ ಅಚ್ಚು ಹಾಕಿದರು. ಟಚಿಂಗಮ್ಮ ಹೊರಗಿನ ಬೆಂಚಿನ ಮೇಲೆ ಕೈ ಕಟ್ಟಿ ಕುಳಿತಿದ್ದಳು. ಪ್ರತಿಯೊಂದು ಹಾಳೆ ಹೊರಬಂದಾಗಲೂ ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ಆಡುತ್ತಿತ್ತು. ತನ್ನ ಜೋತ ಗಲ್ಲವನ್ನು ಅವಳು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. ಅಷ್ಟು ವರ್ಷ ಅದನ್ನು ತೆಗೆದವಳೂ ಅವಳೇ.

ಮೇಲ್ಮನವಿಯ ವಿಚಾರಣೆಗೆ ಸಂಬಂಧಿಕರೊಬ್ಬರು ಸಾಕ್ಷಿಯಾಗಿ ಬರಬೇಕಿತ್ತು. ಕೇಳುವ ಮೊದಲೇ ಅತ್ತಿಗೆ ಚಪ್ಪಲಿ ಮೆಟ್ಟಿ ನಿಂತಿದ್ದಳು. ಗಂಡನನ್ನು ಅಲ್ಲಿಯ ರಾಯಭಾರ ಕಚೇರಿಗೆ ಕರೆಸಿ ಪರದೆಯ ಮೇಲೆ ಮಾತಾಡಿಸುವ ಏರ್ಪಾಡಿತ್ತು. ಮೊದಲು ಹೆಂಡತಿಯನ್ನು ಕೇಳುವುದು, ಅವನಿಗೆ ದನಿ ಕೇಳಿಸದಂತೆ. ಅಧಿಕಾರಿ ಮಧ್ಯವಯಸ್ಸಿನ ಹೆಂಗಸು, ಮೇಜಿನ ಮೇಲೆ ಒಂದು ಹಾಳೆಯೂ ಓರೆಯಾಗಿರಲಿಲ್ಲ. ಹಳೆಯ ಫೋಟೋಗಳನ್ನು ಮುಂದಿಟ್ಟರು.

"ಮಚ್ಚೆ ಎಲ್ಲಿ?"

"ನಾನೇ ತೆಗೆದೆ ಮೇಡಂ. ನನ್ನ ಕೆಲಸ ಅದೇ."

"ಈ ಫೋಟೋದಲ್ಲಿ ಇವರನ್ನ ಪಕ್ಕಕ್ಕೆ ಎಳೆದಿದೀರಿ. ನಿಜವಾಗಿ ಎಲ್ಲಿ ನಿಂತಿದ್ರು?"

"ಒಂದು ಮೊಳ ದೂರ. ಮಧ್ಯೆ ನಮ್ಮ ಮಾಲೀಕರ ಚೀಲ ಇತ್ತು."

"ಮದುವೆ ದಿನ ಗಂಡ ಹೆಂಡತಿ ಮಧ್ಯೆ ಮಾಲೀಕರ ಚೀಲ?"

"ಇಡೋಕೆ ಬೇರೆ ಜಾಗ ಇರ್ಲಿಲ್ಲ ಮೇಡಂ."

ಅಧಿಕಾರಿ ಹೊಸ ಫೋಟೋಗಳನ್ನು ಒಂದೊಂದಾಗಿ ತಿರುಗಿಸಿದರು. ಅವರ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಅತ್ತಿಗೆಯ ಕಡೆ ನೋಡಿದರು.

"ಇವನ್ನ ತೆಗೆದವರು ನೀವಾ? ಈ ಮದುವೆಗೆ ನಿಮ್ಮ ಒಪ್ಪಿಗೆ ಇತ್ತಾ?"

"ಇರ್ಲಿಲ್ಲ ಮೇಡಂ. ಇವತ್ತಿಗೂ ಇವಳ ಗಂಡ ಸೋಪು ನೀರಲ್ಲೇ ಬಿಟ್ಟು ಹೋಗ್ತಿದ್ದದ್ದು ನಂಗೆ ಆಗಲ್ಲ. ಆದ್ರೆ ಸಂಸಾರ ಸುಳ್ಳು ಅಂದ್ರೆ ಹೇಗೆ? ಮಹಡಿ ಮೇಲೆ ಇಬ್ಬರೂ ಕುಣಿಯೋ ಸದ್ದು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ."

ಜಗಳದ ಫೋಟೋವನ್ನು ಅಧಿಕಾರಿ ಬೇರೆಯಾಗಿ ತೆಗೆದಿಟ್ಟರು. "ಇಲ್ಲಿ ಏನಾಗ್ತಿದೆ?"

"ಅವನು ಹೊಡೆದ ಹಲಗೆ ಓರೆಯಾಗಿತ್ತು ಮೇಡಂ. ಡಬ್ಬಿ ಇಟ್ಟರೆ ಜಾರೋದು."

ಆಮೇಲೆ ಪರದೆಗೆ ದನಿ ಕೊಟ್ಟರು. ಗಂಡ ಕೂದಲು ಬಾಚಿ, ಎಂದೂ ಹಾಕದ ಕೋಟು ತೊಟ್ಟು ಕುಳಿತಿದ್ದ. ಫೋಟೋವನ್ನು ಅವನಿಗೆ ಹಿಡಿದು ಅದೇ ಪ್ರಶ್ನೆ ಕೇಳಿದರು.

"ಹಲಗೆ ಗಲಾಟೆ," ಎಂದ ಅವನು. "ಇವಳು ಹಲಗೆ ಓರೆ ಅಂದ್ಲು. ಹಲಗೆ ನೆಟ್ಟಗೇ ಇತ್ತು. ಗೋಡೆ ಓರೆ."

"ಗೋಡೆ ಓರೆ ಇದ್ರೆ ಮೊಳೆ ಹೊಡೆಯೋಕ್ಮುಂಚೆ ನೋಡ್ಬೇಕಿತ್ತು," ಎಂದಳು ಟಚಿಂಗಮ್ಮ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಬೇಕೆಂದು ಬಾಗಿಲಲ್ಲೇ ಹೇಳಿದ್ದು ಅವಳಿಗೆ ಮರೆತುಹೋಗಿತ್ತು.

"ನಾನು ನೋಡಿದೆ! ನೀನೇ ಬೇಗ ಮುಗ್ಸು ಅಂದೆ."

"ಬೇಗ ಅಂದೆ, ಓರೆಯಾಗಿ ಅಂತ ಅನ್ಲಿಲ್ಲ."

"ನಿನ್ನ ಕಣ್ಣಿಗೆ ಎಲ್ಲಾ ಓರೆನೇ!"

"ಸಾಕು," ಎಂದರು ಅಧಿಕಾರಿ. "ಇದನ್ನ ಮನೇಲಿ ಮುಗಿಸ್ಕೊಳ್ಳಿ."

"ಮನೆಗೆ ಬಿಟ್ರೆ ತಾನೇ ಮೇಡಂ ಮುಗಿಸೋದು!" ಎಂದಳು ಅತ್ತಿಗೆ.

ಅಧಿಕಾರಿ ನಗಲಿಲ್ಲ. ನಗುವುದು ಅವರ ಕೆಲಸವೂ ಅಲ್ಲ. ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಬರೆದರು. ತೀರ್ಮಾನವನ್ನು ಅಂಚೆಯಲ್ಲಿ ಕಳಿಸುವುದಾಗಿ ಹೇಳಿದರು.

ಮನೆಗೆ ಬರುವ ಬಸ್ಸಿನಲ್ಲಿ ಅತ್ತಿಗೆ, "ಎಲ್ಲ ಕೆಡಿಸಿಬಿಟ್ವೇನೋ ಕಣೇ" ಎಂದಳು. ನಾದಿನಿಗೂ ಹಾಗೇ ಅನ್ನಿಸಿತ್ತು. ಸರ್ಕಾರದ ಎದುರು ಗಂಡನೊಡನೆ ಜಗಳವಾಡಿದ ಹೆಂಗಸಿಗೆ ಗಂಡನನ್ನು ಕೊಡುತ್ತಾರೆಯೇ? ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ಐದು ವರ್ಷವೆಂದರೆ ಅವಳಿಗೆ ನಲವತ್ತೈದು. ಅವನ ದೇಶಕ್ಕೆ ತಾನೇ ಹೋಗಬಹುದೇ ಎಂದು ಯೋಚಿಸಿದಳು. ಅಲ್ಲಿಯವರೂ ಫೋಟೋ ಕೇಳುತ್ತಾರೆ ಎಂದುಕೊಂಡಳು.

ವಾರಗಳು ಕಳೆದ ಮೇಲೆ ಉತ್ತರ ಬಂತು. ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಒಂದು ವರ್ಷದ ಪರವಾನಗಿ. ವರ್ಷದ ಕೊನೆಗೆ ಮರುಪರಿಶೀಲನೆ. ಕಾರಣ ಬರೆದಿರಲಿಲ್ಲ. ಅನುಮತಿ ಕೊಡುವಾಗ ಕಾರಣ ಹೇಳುವ ಪದ್ಧತಿ ಆ ಕಚೇರಿಗೆ ಇಲ್ಲ.

ಫೋನು ಮಾಡಿದಾಗ ಅವನು ಯಾವುದೋ ಕಾರ್ಖಾನೆಯಲ್ಲಿ ಮಿಷನ್ನಿನ ಪಕ್ಕ ಇದ್ದ. ಗದ್ದಲದಲ್ಲಿ ಅವಳು ಮತ್ತೆ ಮತ್ತೆ ಕೂಗಬೇಕಾಯಿತು. ಸ್ಟುಡಿಯೋದ ಮುಂಭಾಗದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕುಳಿತವನೊಬ್ಬ ತಿರುಗಿ ನೋಡಿದ.

"ಒಂದೇ ವರ್ಷಾನಾ?" ಎಂದು ಕೇಳಿದ ಗಂಡ.

"ಒಂದೇ. ಆಮೇಲೆ ಮತ್ತೆ ಕರೀತಾರೆ."

"ಅದೇ ಮೇಡಂ ಇರ್ತಾರಾ?"

"ಯಾರಿಗೆ ಗೊತ್ತು."

ಅವನು ಮಿಷನ್ನು ನಿಲ್ಲಿಸಿದ. ಸದ್ದು ಇಳಿಯಿತು. ಪಕ್ಕದ ಕೋಣೆಯಿಂದ ಯಾರೋ ಕರೆದರೆ ಓಗೊಡುವಂತೆ, "ಸರಿ, ಬಂದೆ" ಎಂದ.

ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಅವನ ಕಡೆಯ ಸರ್ಕಾರಕ್ಕೂ ಕೇಳಬೇಕಾದ ಪ್ರಶ್ನೆಗಳಿದ್ದವು.