ಸಾರಿನ ರುಚಿ ನೋಡುತ್ತಿದ್ದ ನಸೀಮಾ ಸಿಸ್ಟರ್

ನಸೀಮಾ ಸಿಸ್ಟರ್ ನಮ್ಮ ಮನೆಗೆ ಬಂದರೆ ಅಪ್ಪನ ನಾಡಿ ಹಿಡಿಯುವ ಮೊದಲು ಅಡುಗೆಮನೆಗೆ ನುಗ್ಗಿ ಸಾರಿನ ರುಚಿ ನೋಡುತ್ತಿದ್ದರು. ನಾಲಿಗೆಗೆ ಉಪ್ಪು ಹತ್ತಿತೋ, ಅವ್ವನ ಕಥೆ ಮುಗಿಯಿತು.

ಅಪ್ಪನ ಹೃದಯ ಸೋತಿತ್ತು. ಅದು ರಕ್ತವನ್ನು ಸರಿಯಾಗಿ ತಳ್ಳಲಾರದೆ ಮೈಯಲ್ಲಿ ನೀರು ನಿಲ್ಲುತ್ತಿತ್ತು. ಉಪ್ಪು ಬಿಡಬೇಕು, ದಿನಾ ತೂಕ ನೋಡಿಕೊಳ್ಳಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅದನ್ನು ಅಪ್ಪನಿಂದ ಮಾಡಿಸುವ ಕೆಲಸ ಅಕ್ಕಿಆಲೂರಿನ ದವಾಖಾನೆಯ ಈ ಸಿಸ್ಟರ್ ಪಾಲಿಗೆ ಬಂತು. ಸವಣೂರಿನವರು. ಹೇಳದೆ ಕೇಳದೆ, ಸರಿಯಾಗಿ ಊಟದ ಹೊತ್ತಿಗೇ ಬರುವವರು.

ಅಪ್ಪನೂ ಕಡಿಮೆಯವರಲ್ಲ. ತೂಕದ ಯಂತ್ರದ ಮೇಲೆ ನಿಂತು ಮೆಲ್ಲಗೆ ಕಿಟಕಿಯ ಸರಳು ಹಿಡಿದು ಭಾರ ಇಳಿಸುತ್ತಿದ್ದರು.

“ಸರಳು ಬಿಡ್ರಿ ಕಾಕಾ. ನನಗ ಪೂರಾ ಮನಿಷ್ಯಾನ ತೂಕ ಬೇಕು, ಅರ್ಧಾ ಕಿಟಕಿಗೆ ಕೊಡಬ್ಯಾಡ್ರಿ.”

ಒಮ್ಮೆ ಮನೆಯ ಅಡುಗೆಯೆಲ್ಲ ಸಪ್ಪೆ, ಆದರೂ ಅಪ್ಪನ ತೂಕ ಏರುತ್ತಲೇ ಇತ್ತು. ಸಿಸ್ಟರ್ ಅಪ್ಪನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯಿತು. ಎದ್ದು ಪಕ್ಕದ ಮನೆಯ ಗಂಗವ್ವನ ಕಟ್ಟೆಗೆ ಹೋದರು. ಅಪ್ಪ ದಿನಾ ಪೇಪರ್ ಓದಲು ಹೋಗುತ್ತಿದ್ದುದು ಅಲ್ಲಿಗೇ.

“ಗಂಗಕ್ಕ, ನಿಮ್ಮ ಮಾವಿನ ಉಪ್ಪಿನಕಾಯಿ ಭಾಳ ರುಚಿ ಅಂತಾರಲ್ರಿ?”

ಗಂಗವ್ವ ಉಬ್ಬಿಹೋದರು. “ನಿಮ್ಮ ಪೇಷಂಟನ್ನ ಕೇಳ್ರಿ ನರ್ಸ್ ಬಾಯಾರ! ಎರಡು ಹೋಳು ಚೀಪದಿದ್ರ ಅವರಿಗೆ ಪೇಪರ್ ಓದಾಕ ಆಗಂಗಿಲ್ಲ.”

ಕಳ್ಳ ಸಿಕ್ಕ ಖುಷಿಯಲ್ಲಿ ಸಿಸ್ಟರ್ ಮರಳಿದಾಗ ಅಪ್ಪನಿಗೆ ಏದುಸಿರು ಹತ್ತಿತ್ತು. ಮಲಗಿದರೆ ಇನ್ನೂ ಹೆಚ್ಚು. ಸಿಸ್ಟರ್ ಮುಖದ ನಗು ಹಾರಿತು. ದಿಂಬು ಕೊಟ್ಟು ಕೂಡಿಸಿ, ಡಾಕ್ಟರಿಗೆ ಫೋನ್ ಮಾಡಿ, ಆಂಬುಲೆನ್ಸ್‌ನಲ್ಲಿ ತಾವೇ ಜೊತೆಗೆ ಹುಬ್ಬಳ್ಳಿಗೆ ಹೊರಟರು. ತಡಸ ದಾಟುವಾಗ ಅಪ್ಪ ಸಿಸ್ಟರ್ ಕೈ ಹಿಡಿದುಕೊಂಡು, “ಉಳೀತೇನೇನ್ರಿ ಸಿಸ್ಟರ್?” ಎಂದರು.

“ಉಳೀಲೇಬೇಕ್ರಿ. ಉಪ್ಪಿನಕಾಯಿ ತಿಂದಿದ್ದಕ್ಕ ನಾ ಇನ್ನೂ ಬೈದೇ ಇಲ್ಲ.”

ಅಪ್ಪ ಉಳಿದರು. ಬೈಗುಳವನ್ನೂ ಹೊಟ್ಟೆ ತುಂಬ ತಿಂದರು. ಆಮೇಲೆ ಸಿಸ್ಟರ್ ಬಂದಾಗಲೆಲ್ಲ ಅಪ್ಪನ ಎದುರು ಕುಳಿತು ಅದೇ ಸಪ್ಪೆ ಸಾರು, ರೊಟ್ಟಿ ಉಣ್ಣುತ್ತಿದ್ದರು. “ನಿಂಬಿಹಣ್ಣು ಹಿಂಡ್ಕೊಳ್ರಿ, ನಾಲಿಗಿ ಮೋಸ ಹೋಗತೈತಿ,” ಎನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಹಿರೇಕೆರೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಪ್ಪ ಸಿಸ್ಟರ್ ಚೀಲ ಕಸಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಎಲ್ಲೂ ನಿಲ್ಲದೆ ನಡೆದರು. ನಾನು ಹಿಂದೆ. ಬಸ್ ತಿರುಗಿ ಮರೆಯಾಗುವವರೆಗೂ ನೆಟ್ಟಗೆ ನಿಂತು ಕೈ ಬೀಸಿ, ಆಮೇಲೆ ಕಲ್ಲುಬೆಂಚಿನ ಮೇಲೆ ಕುಸಿದು ಏದುಸಿರು ಬಿಟ್ಟರು.

“ಆಕಿಗೆ ಗೊತ್ತಾಗಲಿಲ್ಲ,” ಎಂದು ಕಣ್ಣು ಮಿಟುಕಿಸಿದರು.

ನನ್ನ ಫೋನ್ ರಿಂಗಾಯಿತು. ಸಿಸ್ಟರ್.

“ಕಾಕಾ ಈಗ ಕುಂತಾರಲ್ರಿ? ದಮ್ಮು ಇಳಿಯೋತನಕ ಎಬ್ಬಿಸಬ್ಯಾಡ್ರಿ.”